ಹಳೇ ಮ್ಯಾಸಿ 1035ಕ್ಕೆ ಹೊಸ ಮುಂದಿನ ಗಾಲಿ: ಕೆಸರು, ಕೂಳೆ, ಟಾರು ಎಲ್ಲ ಕಂಡ ಮೇಲೆ

ಹಳೇ ಟ್ರ್ಯಾಕ್ಟರಿನ ಮುಂದಿನ ಗಾಲಿ ಬದಲಾಯಿಸಲು ಹೊರಟವರು ಎಲ್ಲರೂ ಮೊದಲು ಕೇಳುವುದು ಯಾವ ಕಂಪನಿ ಟೈರು ಒಳ್ಳೇದು ಅಂತ. ನನ್ನನ್ನು ಕೇಳಿದರೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಡಿಸ್ಕ್ (ಟೈರು ಕೂರುವ ಕಬ್ಬಿಣದ ಗಾಲಿ) ನೋಡಿ, ಆಮೇಲೆ ಹಬ್ (ಆ ಡಿಸ್ಕನ್ನು ಬೋಲ್ಟ್ ಹಾಕಿ ಬಿಗಿಯುವ, ಬೇರಿಂಗ್ ಮೇಲೆ ತಿರುಗುವ ನಡುಭಾಗ), ಆಮೇಲೆ ಟೈರಿನ ಅಳತೆ. ಕಂಪನಿ ಹೆಸರು ಇವೆಲ್ಲ ಆದ ಮೇಲೆ.

ನಮ್ಮದು ಮ್ಯಾಸಿ ಫರ್ಗುಸನ್ 1035. ಅಪ್ಪ 1984ರಲ್ಲಿ ಕೊಂಡಿದ್ದು. ಮೂರು ಸಿಲಿಂಡರ್, ಪವರ್ ಸ್ಟೇರಿಂಗ್ ಇಲ್ಲ, ಡ್ರೈವ್ ಹಿಂದಿನ ಗಾಲಿಗೆ ಮಾತ್ರ. ಪಾಂಡವಪುರದ ಹತ್ತಿರ ನಾಲೆ ಬಯಲು, ಭತ್ತ ಮತ್ತು ಕಬ್ಬು. 2021ರ ಬೇಸಿಗೆಯಲ್ಲಿ ಮುಂದಿನ ಎರಡೂ ಡಿಸ್ಕ್, ಟೈರು, ಟ್ಯೂಬು ಹೊಸದು ಹಾಕಿಸಿದೆ. ಅದೇ ಸೆಟ್ ಇವತ್ತಿಗೂ ಗಾಡಿಯಲ್ಲಿದೆ.

ಶುರುವಾಗಿದ್ದು ಪದೇ ಪದೇ ಆಗುತ್ತಿದ್ದ ಪಂಚರ್‌ನಿಂದ. ಬಲಗಡೆ ಗಾಲಿ, ಪ್ರತಿ ಸಲ ಟ್ಯೂಬಿನ ಮೂತಿ ಹತ್ತಿರವೇ ಹರಿಯುತ್ತಿತ್ತು. ಮುಳ್ಳಿಲ್ಲ, ಮೊಳೆ ಇಲ್ಲ. ಮಂಡ್ಯದ ಪಂಚರ್ ಅಂಗಡಿಯ ಹುಡುಗ ಟೈರು ಬಿಚ್ಚಿ, ಡಿಸ್ಕನ್ನು ನೆಲಕ್ಕೆ ಒಂದು ಸಲ ಕುಟ್ಟಿದ. ತುಕ್ಕು ಹಪ್ಪಳದ ಹಾಗೆ ಚಕ್ಕೆ ಚಕ್ಕೆಯಾಗಿ ಉದುರಿತು. ವಾಲ್ವ್ ಕೂರುವ ತೂತು ದುಂಡಗಿರಲಿಲ್ಲ, ಉದ್ದಕ್ಕೆ ಸವೆದು ಅಂಚು ಚಾಕುವಿನಷ್ಟು ಚೂಪಾಗಿತ್ತು. ಟೈರಿನ ಅಂಚು ಕೂರುವ ಜಾಗದಲ್ಲಿ ಬೆರಳಿಟ್ಟರೆ ಗುಳಿಗಳು ಸಿಗುತ್ತಿದ್ದವು. "ಅಣ್ಣೋ, ಟೈರ್ ಮೇಲೆ ಯಾಕೆ ಸಿಟ್ಟು? ಡಿಸ್ಕೇ ಹೋಗದೆ ಕಣಣ್ಣೋ," ಅಂದ. ಅವನು ಹೇಳಿದ್ದು ಸರಿ. ಗದ್ದೆ ನೀರು, ಗೊಬ್ಬರದ ಉಪ್ಪು, ಒಳಗೇ ಉಳಿದ ಕೆಸರು ಸೇರಿ ವರ್ಷಗಟ್ಟಲೆ ತಿಂದ ಡಿಸ್ಕ್ ಅದು. ಅಂಥದರ ಮೇಲೆ ಎಷ್ಟು ದುಬಾರಿ ಟೈರು ಹಾಕಿದರೂ ಟ್ಯೂಬು ಹರಿಯುವುದು ತಪ್ಪಲ್ಲ.

ಇನ್ನೊಂದು ಕಡೆಯ ಡಿಸ್ಕಿನಲ್ಲಿ ಬೋಲ್ಟ್ ತೂತುಗಳು ಸವೆದು ಮೊಟ್ಟೆ ಆಕಾರಕ್ಕೆ ಬಂದಿದ್ದವು. ನಟ್ ಸಡಿಲ ಇಟ್ಟುಕೊಂಡು ಓಡಿಸಿದ ಗಾಡಿಗಳಲ್ಲೆಲ್ಲ ಇದು ಸಾಮಾನ್ಯ. ವೆಲ್ಡಿಂಗ್ ಮಾಡಿ ಮತ್ತೆ ತೂತು ಕೊರೆಸಿ ಅಂತ ಸಲಹೆ ಕೊಡುವವರು ಸಿಗುತ್ತಾರೆ. ಬೇಡ. ಮುಂದಿನ ಗಾಲಿ ಕಳಚಿದರೆ ಸ್ಟೇರಿಂಗ್ ಕೈಯಲ್ಲಿದ್ದೂ ಪ್ರಯೋಜನವಿಲ್ಲ.

ಹಳೇ ಡಿಸ್ಕಿಗೆ ಗುಜರಿ ಹುಡುಕಬೇಕಾ, ಹೊಸದು ತರಬೇಕಾ ಅನ್ನುವುದು ಮುಂದಿನ ಪ್ರಶ್ನೆ. ಮೈಸೂರಿನ ಗುಜರಿ ಅಂಗಡಿಗಳಲ್ಲಿ ಹಳೇ ಡಿಸ್ಕ್ ಸಿಗುತ್ತೆ, ಬೆಲೆ ಹೊಸದರ ಅರ್ಧಕ್ಕಿಂತ ಕಡಿಮೆ. ಆದರೆ ಮೇಲೆ ಬೆಳ್ಳಿ ಬಣ್ಣ ಹೊಡೆದಿರುತ್ತಾರೆ, ಒಳಗಿನ ತುಕ್ಕು ಕಾಣಲ್ಲ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ, ಗಟ್ಟಿ ತಗಡು ಠಣ್ ಅನ್ನುತ್ತೆ, ತಿಂದ ತಗಡಿನ ಸದ್ದೇ ಬೇರೆ. ಜೊತೆಗೆ ಅದನ್ನು ಹಬ್ಬಿಗೆ ಹಾಕಿ ತಿರುಗಿಸಿ, ಪಕ್ಕದಲ್ಲಿ ಒಂದು ಕಡ್ಡಿ ಹಿಡಿದು ನೋಡಬೇಕು. ಅಂಚು ಕಡ್ಡಿಗೆ ಒಂದು ಕಡೆ ತಾಗಿ ಇನ್ನೊಂದು ಕಡೆ ದೂರ ಹೋದರೆ ಅದು ಎಲ್ಲೋ ಬದುವಿಗೆ ಗುದ್ದಿಸಿಕೊಂಡು ಬಂದ ಡಿಸ್ಕ್. ನಾನು ನೋಡಿದವು ಯಾವುದೂ ಪಾಸಾಗಲಿಲ್ಲ. ಹೊಸದನ್ನೇ ತಂದೆ. ಆಗ ಒಂದಕ್ಕೆ ಎರಡು ಸಾವಿರದ ಮೇಲೆ ಬಿತ್ತು. ಇವತ್ತಿನ ರೇಟು ಜಾಸ್ತಿ ಇರುತ್ತೆ.

ಅಂಗಡಿಗೆ ಹೋಗುವ ಮುಂಚೆ ಅಳತೆ ಬರೆದುಕೊಂಡು ಹೋಗಿ. "ಮ್ಯಾಸಿ ಡಿಸ್ಕ್ ಕೊಡಿ" ಅಂದರೆ ಸಾಲದು. ನಲವತ್ತು ವರ್ಷದ ಗಾಡಿಯಲ್ಲಿ ಯಾರೋ ಎಂದೋ ಹಬ್ಬನ್ನೇ ಬದಲಾಯಿಸಿರಬಹುದು. ಬೋಲ್ಟ್ ಎಷ್ಟು, ಬೋಲ್ಟ್ ವೃತ್ತದ ಅಡ್ಡಳತೆ ಎಷ್ಟು, ನಡುವಿನ ದೊಡ್ಡ ತೂತು ಎಷ್ಟು, ಡಿಸ್ಕಿನ ಹೊಟ್ಟೆ ಎಷ್ಟು ಒಳಗೆ ಹೋಗಿದೆ, ಈ ನಾಲ್ಕೂ ಬೇಕು. ಆರು ಬೋಲ್ಟ್ ಇದ್ದರೆ ಸುಲಭ, ಎದುರುಬದುರು ತೂತುಗಳ ನಡುವಿನಿಂದ ನಡುವಿಗೆ ಟೇಪ್ ಹಿಡಿದರೆ ಮುಗೀತು. ಐದು ಬೋಲ್ಟ್ ಇದ್ದರೆ ಎದುರುಬದುರು ಸಿಗಲ್ಲ. ಆಗ ಪಕ್ಕಪಕ್ಕದ ಎರಡು ತೂತುಗಳ ನಡುವಿನ ದೂರವನ್ನು 1.701ರಿಂದ ಗುಣಿಸಬೇಕು. ಒಂದು ತೂತು ಬಿಟ್ಟು ಅದರಾಚೆಯದಕ್ಕೆ ಅಳೆದರೆ 1.051ರಿಂದ. ಮೊಬೈಲಿನಲ್ಲಿ ಲೆಕ್ಕ ಹಾಕಿಕೊಂಡರೆ ಅಂಗಡಿಯವನ ಜೊತೆ ವಾದ ಇರಲ್ಲ.

ಹೊಟ್ಟೆಯ ಅಳತೆ ಯಾಕೆ ಮುಖ್ಯ ಅಂದರೆ, ಡಿಸ್ಕ್ ಜಾಸ್ತಿ ಹೊರಕ್ಕೆ ನಿಂತರೆ ಭಾರವೆಲ್ಲ ಹಬ್ಬಿನ ಒಂದೇ ಬೇರಿಂಗ್ ಮೇಲೆ ಬೀಳುತ್ತೆ, ಸ್ಟೇರಿಂಗೂ ಭಾರ ಆಗುತ್ತೆ. ಗಾಲಿ ಅಗಲ ಬೇಕು ಅಂತ ಕೆಲವರು ಡಿಸ್ಕನ್ನು ಉಲ್ಟಾ ಹಾಕುತ್ತಾರೆ. ನಮ್ಮ ಕಡೆ ಕಬ್ಬಿನ ಸಾಲಿಗೆ ಹೊಂದಿಸಲು ಈ ಕೆಲಸ ಮಾಡುವವರು ಬಹಳ. ಅದಕ್ಕೆಂದೇ ಆಕ್ಸಲ್‌ನಲ್ಲಿ ಸಾಲಾಗಿ ತೂತುಗಳಿವೆ ಅಲ್ವಾ? ಬೋಲ್ಟ್ ಬಿಚ್ಚಿ ಎರಡೂ ಕಡೆ ಸಮನಾಗಿ ಎಳೆದು ಮತ್ತೆ ಬಿಗಿದರೆ ಆಯಿತು. ತುಕ್ಕು ಹಿಡಿದು ಬರಲ್ಲ ಅಂತ ಸೋಮಾರಿತನ, ಅಷ್ಟೇ.

ಗಾಲಿ ಹೇಗೂ ಬಿಚ್ಚಿತ್ತು, ಹಬ್ಬನ್ನೂ ತೆಗೆಸಿದೆ. ಎರಡೂ ಕಡೆಯ ಬೇರಿಂಗ್, ಗ್ರೀಸ್ ಸೀಲ್ ಹೊಸದು ಹಾಕಿಸಿದೆ. ಕೆಸರು ಗದ್ದೆಯಲ್ಲಿ ಓಡುವ ಗಾಡಿಗೆ ಸೀಲ್ ಹೋದರೆ ಬೇರಿಂಗ್ ಉಳಿಯಲ್ಲ, ನೀರು ಮತ್ತು ಮಣ್ಣು ಗ್ರೀಸಿಗೆ ಸೇರಿ ಅದೇ ಉಜ್ಜುವ ಕಾಗದ ಆಗುತ್ತೆ. ಕಿಂಗ್‌ಪಿನ್, ಅಂದರೆ ಸ್ಟೇರಿಂಗ್ ತಿರುಗಿಸಿದಾಗ ಮುಂದಿನ ಗಾಲಿ ಯಾವುದರ ಮೇಲೆ ತಿರುಗುತ್ತೋ ಆ ಗೂಟ, ಅದರ ಬುಷ್ ಕೂಡ ಸವೆದಿತ್ತು. ಜ್ಯಾಕ್ ಹಾಕಿ ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಗೊತ್ತಾಗುತ್ತೆ. ಆಟ ಹಬ್ಬಿನಲ್ಲಿದೆಯಾ ಕಿಂಗ್‌ಪಿನ್ನಿನಲ್ಲಿದೆಯಾ ಅಂತ ಒಬ್ಬರು ಅಲ್ಲಾಡಿಸುವಾಗ ಇನ್ನೊಬ್ಬರು ಬೆರಳಿಟ್ಟು ನೋಡಬೇಕು. ಈ ಭಾಗಕ್ಕೆ ಆದ ಖರ್ಚು ಟೈರಿನ ಖರ್ಚಿಗೆ ಹತ್ತಿರವೇ ಬಂತು. ಮನೆಯಲ್ಲಿ ತಮ್ಮ ಗೊಣಗಿದ. ನನಗೆ ಈ ಇಡೀ ಕೆಲಸದಲ್ಲಿ ದುಡ್ಡು ವಸೂಲಾಗಿದ್ದು ಇಲ್ಲೇ ಅನಿಸುತ್ತೆ. ಟಾರು ರಸ್ತೆಯಲ್ಲಿ ಮುಂದಿನ ಗಾಲಿ ಒದರುತ್ತಿದ್ದದ್ದು ನಿಂತಿತು.

ಇನ್ನು ಟೈರು. ಈ ಗಾಡಿಗೆ ಮುಂದೆ 6.00-16, ಅಂದರೆ ಸುಮಾರು ಆರು ಇಂಚು ಅಗಲದ, 16 ಇಂಚಿನ ಡಿಸ್ಕಿಗೆ ಕೂರುವ, ಉದ್ದಕ್ಕೂ ಮೂರು ಪಟ್ಟಿ ಇರುವ ರಿಬ್ ಟೈರು. ಎತ್ತರ ಹತ್ತಿರ ಹತ್ತಿರ 73 ಸೆಂ.ಮೀ. ಎಂಆರ್‌ಎಫ್, ಅಪೋಲೊ, ಸಿಯೆಟ್, ಜೆಕೆ, ಎಲ್ಲರದ್ದೂ ಈ ಅಳತೆ ಸಿಗುತ್ತೆ. ಮೈಸೂರಿನವರಿಗೆ ಜೆಕೆ ಅಂದರೆ ಹಳೇ ವಿಕ್ರಾಂತ್ ಫ್ಯಾಕ್ಟರಿ. 1997ರಲ್ಲಿ ಅದು ಜೆಕೆ ಕೈಗೆ ಹೋಯಿತು, ನಮ್ಮ ಅಪ್ಪ ಮಾತ್ರ ಕೊನೆವರೆಗೂ ವಿಕ್ರಾಂತ್ ಅಂತಲೇ ಕರೆಯುತ್ತಿದ್ದರು. ನಾನು ಹಾಕಿಸಿದ್ದರ ಹೆಸರು ಬರೆಯುತ್ತಿಲ್ಲ. ದೊಡ್ಡ ಕಂಪನಿಗಳ ನಡುವೆ ಈ ಅಳತೆಯಲ್ಲಿ ನನ್ನ ಕೆಲಸಕ್ಕೆ ತಿಳಿಯುವಂಥ ವ್ಯತ್ಯಾಸ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ವ್ಯತ್ಯಾಸ ಇರುವುದು ತಯಾರಾದ ತಾರೀಖಿನಲ್ಲಿ. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತೆ. 1021 ಅಂದರೆ 2021ರ ಹತ್ತನೇ ವಾರ. ಟ್ರ್ಯಾಕ್ಟರಿನ ಮುಂದಿನ ಟೈರು ಕಾರಿನ ಟೈರಿನಷ್ಟು ಬೇಗ ಖರ್ಚಾಗಲ್ಲ, ಅಂಗಡಿಯ ಅಟ್ಟದಲ್ಲಿ ವರ್ಷಗಟ್ಟಲೆ ಕೂತಿರುತ್ತೆ. ನನಗೆ ಮೊದಲು ಇಳಿಸಿಕೊಟ್ಟ ಜೋಡಿಯಲ್ಲಿ ಒಂದು ಮೂರು ವರ್ಷ ಹಳೇದು. ವಾಪಸ್ ಕೊಟ್ಟು ಎರಡೂ ಒಂದೇ ವರ್ಷದ್ದು ಕೇಳಿದೆ. ಸ್ವಲ್ಪ ಮುಖ ಗಂಟು ಹಾಕಿಕೊಂಡ, ಆದರೂ ಕೊಟ್ಟ.

ಎಂಟು ಪ್ಲೈ ತಗೊಂಡೆ. ಪ್ಲೈ ಅಂದರೆ ಟೈರಿನ ಗಟ್ಟಿತನದ ಅಳತೆ, ಅಂಕಿ ಹೆಚ್ಚಾದಷ್ಟೂ ಗಟ್ಟಿ. ಬರೀ ಹೊಲದ ಕೆಲಸಕ್ಕೆ ಆರು ಪ್ಲೈ ಸಾಕು ಅನ್ನುವವರಿದ್ದಾರೆ. ಕಬ್ಬು ಕಡಿದ ಗದ್ದೆಗೆ ಗಾಡಿ ಇಳಿಸುವವರು ಆ ಮಾತು ಕೇಳಬೇಡಿ. ಕೂಳೆಯ ಮೊನೆ ಓರೆಯಾಗಿ ಕಡಿದ ಬಿದಿರಿಗಿಂತ ಕಡಿಮೆ ಇಲ್ಲ.

ದೊಡ್ಡ ಟೈರಿನ ಆಸೆ ನಮ್ಮೂರಲ್ಲಿ ಒಂದು ಕಾಯಿಲೆ. 7.50-16 ಹಾಕಿದರೆ ಗಾಡಿ ಗತ್ತಾಗಿ ಕಾಣುತ್ತೆ, ಕೆಸರಲ್ಲಿ ಹೂತುಕೊಳ್ಳುವುದೂ ಸ್ವಲ್ಪ ಕಡಿಮೆ, ನಿಜ. ಆದರೆ ಅದಕ್ಕೆ ಅಗಲವಾದ ಡಿಸ್ಕ್ ಬೇಕು. 6.00ರ ಡಿಸ್ಕ್ ನಾಲ್ಕು, ನಾಲ್ಕೂವರೆ ಇಂಚು ಅಗಲ, 7.50ಕ್ಕೆ ಐದೂವರೆ. ಕಿರಿದಾದ ಡಿಸ್ಕಿಗೆ ಹಿಂಡಿ ಹಾಕಿದರೆ ನಡುವಿನ ಪಟ್ಟಿ ಮಾತ್ರ ನೆಲಕ್ಕೆ ತಾಗಿ ಸವೆಯುತ್ತೆ. ಅದಕ್ಕಿಂತ ಹೆಚ್ಚಾಗಿ ಪವರ್ ಸ್ಟೇರಿಂಗ್ ಇಲ್ಲದ ಗಾಡಿ ಇದು. ನಮ್ಮ ಮಾವನ ಮಗ ಇದೇ ಮಾಡೆಲ್ಲಿಗೆ ದೊಡ್ಡದು ಹಾಕಿಸಿದ್ದಾನೆ, ಗದ್ದೆ ಮೂಲೆಯಲ್ಲಿ ತಿರುಗಿಸುವಾಗ ಸೀಟಿಂದ ಎದ್ದು ನಿಂತು ಸ್ಟೇರಿಂಗ್ ಎಳೆಯುತ್ತಾನೆ. ಒಂಚೂರು ದೊಡ್ಡದು ಬೇಕೇ ಬೇಕು ಅನ್ನುವವರಿಗೆ 6.50-16 ನಡುವಿನ ದಾರಿ. ಅದು ನಾಲ್ಕೂವರೆ ಇಂಚಿನ ಡಿಸ್ಕಿಗೆ ಕೂರುತ್ತೆ.

ಇನ್ನೊಂದು ಚಾಳಿ ಜೀಪ್ ಟೈರು. ಹಳೇ ಜೀಪಿನದ್ದೂ 6.00-16 ಆಗಿರುವುದರಿಂದ ಡಿಸ್ಕಿಗೆ ಸರಿಯಾಗಿ ಕೂರುತ್ತೆ, ಟಾರಿನ ಮೇಲೆ ಚೆನ್ನಾಗೇ ಓಡುತ್ತೆ. ಗದ್ದೆಗೆ ಇಳಿಸಿ ನೋಡಿ. ಸ್ಟೇರಿಂಗ್ ತಿರುಗಿಸಿದರೂ ಗಾಡಿ ನೇರಕ್ಕೇ ಜಾರುತ್ತೆ. ರಿಬ್ ಟೈರಿನ ನಡುವಿನ ಎತ್ತರದ ಪಟ್ಟಿ ಮಣ್ಣಿಗೆ ಇಳಿದು ಅಡ್ಡ ಹಿಡಿತ ಕೊಡುತ್ತೆ, ಜೀಪ್ ಟೈರಿಗೆ ಆ ಪಟ್ಟಿಯೇ ಇಲ್ಲ. ಅದರಲ್ಲೂ ಹಿಂದೆ ಕೇಜ್ ವೀಲ್ (ಕೆಸರು ಗದ್ದೆಗೆ ಹಾಕುವ ಪಂಜರದಂಥ ಕಬ್ಬಿಣದ ಗಾಲಿ) ಹಾಕಿ ಕೆಸರು ಹೊಡೆಯುವಾಗ ಹಿಂದಿನಿಂದ ನೂಕುವ ಬಲ ಜಾಸ್ತಿ. ಆಗ ಮುಂದೆ ಹಿಡಿತ ಇಲ್ಲದಿದ್ದರೆ ತಿರುಗಿಸಲು ಒಂದು ಕಡೆಯ ಹಿಂದಿನ ಗಾಲಿಯ ಬ್ರೇಕ್ ಒಂದೇ ಗತಿ.

ಹಾಕಿಸುವಾಗ ಎರಡೇ ಮಾತು. ಹೊಸ ಟೈರಿಗೆ ಹಳೇ ಟ್ಯೂಬ್ ಹಾಕಿಸಬೇಡಿ, ಅದು ಹಿಗ್ಗಿ ಒಳಗೆ ಮಡಿಕೆ ಬೀಳುತ್ತೆ. ಗಾಳಿ ಒಂದು ಸಲ ತುಂಬಿ, ಪೂರ್ತಿ ಬಿಟ್ಟು, ಮತ್ತೆ ತುಂಬಿಸಿ. ಮೂರು ಪಟ್ಟಿಯ ಟೈರಿಗೆ ಇಂಥ ದಿಕ್ಕು ಅಂತ ಇಲ್ಲ, ಹೇಗೆ ಹಾಕಿದರೂ ನಡೆಯುತ್ತೆ.

ಗಾಳಿ ನಾನು ಗದ್ದೆಗೆ 26-28 ಪೌಂಡ್ (ಪಿಎಸ್‌ಐ), ರಸ್ತೆ ಕೆಲಸ ಇದ್ದರೆ 30ರ ಸುತ್ತ ಇಡುತ್ತೇನೆ. ಪಂಚರ್ ಅಂಗಡಿಯಲ್ಲಿ ಹೇಳದೆ ಬಿಟ್ಟರೆ ಕಲ್ಲಿನ ಹಾಗೆ ತುಂಬಿ ಕಳಿಸುತ್ತಾರೆ, ಆಗ ಬದು ಹತ್ತುವ ಪ್ರತಿ ಏಟೂ ನೇರ ಕಿಂಗ್‌ಪಿನ್ನಿಗೆ.

ಇಷ್ಟು ದಿನ ಓಡಿಸಿದ ಮೇಲೆ ಸ್ಥಿತಿ ಹೇಗಿದೆ? ಕೆಸರಲ್ಲಿ ಹಿಡಿತ ಮೊದಲಿನಷ್ಟೇ ಇದೆ ಅನ್ನಲಾರೆ, ನಡುವಿನ ಪಟ್ಟಿ ಅರ್ಧಕ್ಕೆ ಇಳಿದಿದೆ. ಸವೆತ ಜಾಸ್ತಿ ಆಗಿದ್ದು ಗದ್ದೆಯಲ್ಲಲ್ಲ, ರಸ್ತೆಯಲ್ಲಿ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಟ್ರ್ಯಾಕ್ಟರ್ ಬಿಡಲ್ಲ. ಆ ಕಡೆ ಬಾಡಿಗೆಗೆ ಹೋದರೆ ಸರ್ವಿಸ್ ರೋಡೇ ಗತಿ. ಉಬ್ಬು, ತಿರುವು, ನಿಲ್ಲಿಸಿ ಹೊರಡುವುದು, ಮುಂದಿನ ಟೈರಿಗೆ ಎಲ್ಲವೂ ಭಾರ.

ಒಂದು ಹಂತದಲ್ಲಿ ಎಡಗಡೆ ಟೈರು ಓರೆಯಾಗಿ ಸವೆಯಲು ಶುರುವಾಯಿತು. ಪಟ್ಟಿಯ ಮೇಲೆ ಅಂಗೈ ಅಡ್ಡಡ್ಡ ಸವರಿದರೆ ಒಂದು ಕಡೆಗೆ ನುಣುಪು, ವಾಪಸ್ ಬರುವಾಗ ಚರ್ಮಕ್ಕೆ ಚುಚ್ಚುತ್ತಿತ್ತು. ಟೋ-ಇನ್, ಅಂದರೆ ಮುಂದಿನ ಎರಡು ಗಾಲಿಗಳು ಮುಂಭಾಗದಲ್ಲಿ ಒಂಚೂರು ಒಳಕ್ಕೆ ತಿರುಗಿರುವ ಲೆಕ್ಕ, ತಪ್ಪಿದೆ ಅನ್ನುವುದಕ್ಕೆ ಇದೇ ಗುರುತು. ಯಂತ್ರ ಬೇಡ. ಎರಡೂ ಟೈರಿನ ಮುಂಭಾಗದಲ್ಲಿ, ಆಕ್ಸಲ್ ಎತ್ತರಕ್ಕೆ, ಸೀಮೆಸುಣ್ಣದಲ್ಲಿ ಗುರುತು ಹಾಕಿ ಅಳೆದು, ಗಾಡಿಯನ್ನು ಅರ್ಧ ಸುತ್ತು ಮುಂದಕ್ಕೆ ಬಿಟ್ಟು, ಅದೇ ಗುರುತುಗಳು ಹಿಂಭಾಗಕ್ಕೆ ಬಂದಾಗ ಮತ್ತೆ ಅಳೆಯಬೇಕು. ಮುಂದಿನ ಅಳತೆ ಹಿಂದಿನದಕ್ಕಿಂತ ಕೆಲವೇ ಮಿಲಿಮೀಟರ್ ಕಡಿಮೆ ಇದ್ದರೆ ಸರಿ. ನಮ್ಮದು ಒಂದು ಬೆರಳಿನಷ್ಟು ತಪ್ಪಿತ್ತು. ಸರಿಮಾಡಿಸಿದ ಮೇಲೆ ಸವೆತ ಸಮ ಆಗಿದೆ.

ಬಲಗಡೆ ಟೈರಿನ ಗೋಡೆಗೆ ಕೂಳೆ ತಾಗಿ ಒಂದು ಕಡೆ ಸೀಳು ಬಿದ್ದಿದೆ, ರಬ್ಬರಿನ ಒಳಗಿನ ದಾರ ಕಂಡಿಲ್ಲ. ಬಿಸಿಲಲ್ಲಿ ನಿಲ್ಲಿಸಿದ್ದಕ್ಕೆ ಸಣ್ಣ ಬಿರುಕುಗಳೂ ಇವೆ. ಡಿಸ್ಕ್ ಮಾತ್ರ ಹೊಸದರ ಹಾಗೇ ಇದೆ, ಕೆಸರು ಕೆಲಸ ಮುಗಿದ ದಿನವೇ ಒಳಭಾಗಕ್ಕೆ ಪೈಪಿನ ನೀರು ಬಿಡುವ ಅಭ್ಯಾಸ ಮಾಡಿಕೊಂಡಿದ್ದೇವೆ. ಹಾಕಿಸಿದ ಮೇಲೆ ವಾಲ್ವ್ ಹತ್ತಿರ ಒಂದು ಸಲವೂ ಹರಿದಿಲ್ಲ.

ಇದಕ್ಕಿಂತ ಹಳೇ ಗಾಡಿ ಇರುವವರಿಗೆ ಒಂದು ಮಾತು. 1946ರಿಂದ 1956ರವರೆಗೆ ಇಂಗ್ಲೆಂಡಿನ ಕೋವೆಂಟ್ರಿಯಲ್ಲಿ ತಯಾರಾದ ಪುಟ್ಟ ಫರ್ಗುಸನ್ ಟಿಇ20 ಇದ್ದರೆ ಅದಕ್ಕೆ ಮುಂದೆ 4.00-19, ತೆಳ್ಳಗೆ ಎತ್ತರದ ಗಾಲಿ. ಆ ಅಳತೆಯ ಟೈರಿಗೆ ನಮ್ಮ ಕಡೆಯ ಅಂಗಡಿಗಳಲ್ಲಿ ಅಲೆಯಬೇಕು. ದಸರಾ ಮೆರವಣಿಗೆಗೋ ಮನೆ ಮುಂದೆ ನಿಲ್ಲಿಸಲಿಕ್ಕೋ ಆದರೆ ಹುಡುಕಿ ಅದನ್ನೇ ಹಾಕಿ, ಅದರ ಚೆಂದವೇ ಆ ಗಾಲಿ. ಇನ್ನೂ ಉಳುಮೆಗೆ ಬಳಸುತ್ತೀರಾದರೆ ಹಬ್ಬಿಗೆ ಹೊಂದುವ 16 ಇಂಚಿನ ಡಿಸ್ಕ್ ಹಾಕಿಸಿ 6.00-16ಕ್ಕೆ ಬನ್ನಿ. ಎತ್ತರದಲ್ಲಿ ದೊಡ್ಡ ವ್ಯತ್ಯಾಸ ಬರಲ್ಲ, ಪಂಚರ್ ಆದ ದಿನ ಟ್ಯೂಬು ಹತ್ತಿರದ ಪೇಟೆಯಲ್ಲೇ ಸಿಗುತ್ತೆ. ಹಳೇ 19 ಇಂಚಿನ ಡಿಸ್ಕನ್ನು ಗುಜರಿಗೆ ಹಾಕಬೇಡಿ, ಎಣ್ಣೆ ಸವರಿ ಅಟ್ಟಕ್ಕೆ ಏರಿಸಿ.