ಪಂಪನ ಪದ್ಯ, ಹವಾಲ್ದಾರರ ಪ್ರಶ್ನೆ: ಒಂದು ಭಾನುವಾರದ ಮಾತುಕತೆ

ಹಾಸನದಲ್ಲಿ ತಿಂಗಳಿಗೊಂದು ಭಾನುವಾರ ಕಾವ್ಯ ಓದಿ ಮಾತಾಡುವ ಕೂಟವೊಂದು ನಡೆಯುತ್ತದೆ. ದುಡ್ಡು ಕೊಡಬೇಕಿಲ್ಲ. ಈ ಸಲ ಯುದ್ಧ, ಅಹಿಂಸೆ ವಿಷಯ ಅಂದಾಗ ಉಪದೇಶ ಕೇಳಬೇಕೇನೋ ಅಂದುಕೊಂಡು ಹಿಂದಿನ ಸಾಲಲ್ಲೇ ಕೂತೆ.

ಓದಿದ್ದು ಪಂಪನ ಆದಿಪುರಾಣ, ಕ್ರಿ.ಶ. 941ರದು. ಗಮಕಿಯೊಬ್ಬರು ಭರತ-ಬಾಹುಬಲಿ ಭಾಗ ಹಾಡಿದರು, ಇನ್ನೊಬ್ಬರು ಅರ್ಥ ಬಿಡಿಸಿದರು. ಪದ್ಯದ ಝೆರಾಕ್ಸ್ ಕೈಗೆ ಕೊಡುತ್ತಾರೆ, ಹಳಗನ್ನಡ ಬರಲ್ಲ ಅಂತ ಹೆದರಬೇಡಿ.

ಕಥೆ ಗೊತ್ತಲ್ವಾ? ಅಣ್ಣ ಭರತ, ತಮ್ಮ ಬಾಹುಬಲಿ, ಇಬ್ಬರ ಸೈನ್ಯವೂ ಎದುರಾಗಿ ನಿಂತಿವೆ. ಮಂತ್ರಿಗಳು ಬಂದು, ನೀವಿಬ್ಬರೇ ದೃಷ್ಟಿಯುದ್ಧ (ಕಣ್ಣು ಮಿಟುಕಿಸದೆ ನೋಡೋದು), ಜಲಯುದ್ಧ, ಮಲ್ಲಯುದ್ಧ ಮಾಡಿ ಅನ್ನುತ್ತಾರೆ. ಭರತ ಮೂರರಲ್ಲೂ ಸೋಲುತ್ತಾನೆ. ಗೆದ್ದ ಬಾಹುಬಲಿ ರಾಜ್ಯ ಬಿಟ್ಟು ಹೊರಡುತ್ತಾನೆ.

ನಾವೆಲ್ಲ ಬಾಹುಬಲಿಯ ತ್ಯಾಗ ಹೊಗಳುತ್ತಿದ್ದೆವು. ಸೇನೆಯಿಂದ ನಿವೃತ್ತರಾದ ಹವಾಲ್ದಾರರೊಬ್ಬರು ಎದ್ದು, "ಸಾರ್, ಅಣ್ಣ-ತಮ್ಮ ಇಬ್ಬರೂ ಮೋಕ್ಷಕ್ಕೆ ಹೋಗೋರು, ಯುದ್ಧದಲ್ಲಿ ಸಾಯಲ್ಲ. ಸಾಯೋದು ಸಿಪಾಯಿ. ಆ ಲೆಕ್ಕ ಹಾಕಿದ್ದು ಮಂತ್ರಿಗಳು. ಅವರ ಹೆಸರು ಯಾರಾದರೂ ಹೇಳ್ತೀರಾ?" ಅಂದರು. ಯಾರಿಗೂ ಮಾತು ಹೊರಡಲಿಲ್ಲ.

ಆಮೇಲೆ ಮಾತು ಬಿಸಿಯಾಯಿತು. ಶ್ರವಣಬೆಳಗೊಳದ 58 ಅಡಿ ಗೊಮ್ಮಟನನ್ನು, ಅಂದರೆ ಇದೇ ಬಾಹುಬಲಿಯನ್ನು, ನಿಲ್ಲಿಸಿದ ಚಾವುಂಡರಾಯ ಗಂಗರ ದಂಡನಾಯಕನಲ್ಲವೇ ಅಂತ ಒಬ್ಬರು ಕೇಳಿದರು. ತಮ್ಮೂರ ವೀರಗಲ್ಲಿಗೆ ಈಗಲೂ ಅರಿಶಿನ-ಕುಂಕುಮ ಹಚ್ಚುತ್ತೇವೆ ಎಂದ ಹೆಂಗಸೊಬ್ಬರು, "ಸತ್ತವನನ್ನ ಅಪ್ಸರೆಯರು ಸ್ವರ್ಗಕ್ಕೆ ಒಯ್ಯೋದನ್ನ ಕೆತ್ತವ್ರೆ. ಅವನ ಹೆಂಡ್ತಿ ಮಕ್ಳು ಏನಾದ್ರು?" ಅಂದರು. ಗಡಿ ಕಾಯೋರು ಬೇಡವೇ ಅಂತ ಕಾಲೇಜು ಹುಡುಗ ಜೋರು ಮಾಡಿದ. ಅವನನ್ನು ಯಾರೂ ಬಾಯಿ ಮುಚ್ಚಿಸಲಿಲ್ಲ. ಈ ಕೂಟದಲ್ಲಿ ನನಗೆ ಹಿಡಿಸಿದ್ದೇ ಅದು.

ಕಾಫಿ ಆದ ಮೇಲಿನ ಸ್ವಂತ ಕವಿತೆಗಳ ಭಾಗ ಮಾತ್ರ ಸಪ್ಪೆ. ಪಾರಿವಾಳ ಇಲ್ಲದ ಕವಿತೆ ಒಂದೂ ಇರಲಿಲ್ಲ! ಅಷ್ಟು ಹೊತ್ತು ಹವಾಲ್ದಾರರನ್ನೇ ಮಾತಾಡಿಸಬಹುದಿತ್ತು. ಮೈಕ್ ಕೂಡ ಗೊರಗೊರ ಅನ್ನುತ್ತೆ, ಮುಂದೆ ಕೂರುವುದು ವಾಸಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಮುಂದಿನ ತಿಂಗಳು ಜನ್ನನ ಯಶೋಧರ ಚರಿತೆ. ಹಿಟ್ಟಿನ ಕೋಳಿ ಬಲಿ ಕೊಟ್ಟರೂ ಹಿಂಸೆಯೇ ಅನ್ನುವ ಕಥೆ. ಊರ ಹಬ್ಬಕ್ಕೆ ನಿಜವಾದ ಕೋಳಿ ಕುಯ್ಯುವವರೂ ಬನ್ನಿ, ಜಗಳ ಚೆನ್ನಾಗಿರುತ್ತೆ.