ಬಳ್ಳಿಗಾವಿ ಟೂರ್: ಗೈಡಿಗೆ ಫುಲ್ ಮಾರ್ಕ್ಸ್, ಪುಸ್ತಕಕ್ಕೆ ಇಲ್ಲ

ಶಿವಮೊಗ್ಗದಿಂದ ಬಳ್ಳಿಗಾವಿಗೆ ಭಾನುವಾರದ ಟೂರ್ ಇದೆ ಅಂತ ಗಾಂಧಿ ಬಜಾರಿನ ನಮ್ಮ ಅಂಗಡಿಗೇ ಬಂದು ಪಾಂಪ್ಲೆಟ್ ಕೊಟ್ಟು ಹೋಗಿದ್ದರು. ನಡೆಸುವವರ ಹೆಸರು ಹಾಕಲ್ಲ, ಬೈಯೋದೂ ಇದೆ. ಮೇಲೆ ದಪ್ಪ ಅಕ್ಷರದಲ್ಲಿ ‘ಬಾಗ್ದಾದ್, ಕಾರ್ಡೋಬಾ, ಬಳ್ಳಿಗಾವಿ’, ಮೂರೂ ಬೇರೆ ಬೇರೆ ಧರ್ಮದ ಪಂಡಿತರಿದ್ದ ಊರುಗಳು ಅನ್ನೋ ಲೆಕ್ಕದಲ್ಲಿ. ಶಿರಾಳಕೊಪ್ಪದ ಪಕ್ಕದ ಊರಿಗೆ ಇಷ್ಟು ಬಿಲ್ಡಪ್ಪಾ ಅಂದುಕೊಂಡೇ ಅಮ್ಮನನ್ನು ಕರೆದುಕೊಂಡು ಹೋದೆ. ತಲೆಗೆ 900 ರೂಪಾಯಿ, ತಿಂಡಿ ಊಟ ಸೇರಿ.

ಟೆಂಪೋದ ಎಸಿ ಹೆಸರಿಗಷ್ಟೇ. ಶಿಕಾರಿಪುರದಲ್ಲಿ ಕೊಟ್ಟ ಇಡ್ಲಿ ತಣ್ಣಗಿತ್ತು.

ಆದರೆ ಗೈಡ್ ಹುಡುಗ ಭಾರಿ ಚೆನ್ನಾಗಿ ಹೇಳ್ತಾನೆ. ಕೇದಾರೇಶ್ವರ ದೇವಸ್ಥಾನದಲ್ಲಿ ಬರೀ ಕೆತ್ತನೆ ತೋರಿಸಿ ಮುಂದೆ ಹೋಗಲಿಲ್ಲ. ಈ ದೇವಸ್ಥಾನಕ್ಕೆ ಸೇರಿದ್ದ ಕೋಡಿಯ ಮಠದ 1162ರ ಶಾಸನದ ಜೆರಾಕ್ಸ್ ಹಿಡಿದು, ಎಲ್ಲರನ್ನೂ ನೆರಳಲ್ಲಿ ಕೂರಿಸಿ, ಒಂದೊಂದೇ ಸಾಲು ಬಿಡಿಸಿ ಹೇಳಿದ. ನಾಲ್ಕು ವೇದ, ಪಾಣಿನಿಯ ವ್ಯಾಕರಣ, ನ್ಯಾಯ, ಸಾಂಖ್ಯ, ಬೌದ್ಧ ದರ್ಶನ, ಎಲ್ಲದರ ಓದು ಈ ಮಠದಲ್ಲಿತ್ತಂತೆ. ಕುರುಡರಿಗೆ, ಕಿವುಡರಿಗೆ, ಗತಿಯಿಲ್ಲದವರಿಗೆ ಊಟ. ರೋಗಿಗಳಿಗೆ ಔಷಧಿ. ಜೈನ ಕ್ಷಪಣಕರಿಗೂ, ಅಂದ್ರೆ ಬೆತ್ತಲೆ ಸನ್ಯಾಸಿಗಳಿಗೂ, ಅನ್ನ. ನಡೆಸುತ್ತಿದ್ದವರು ಮಾತ್ರ ಕಾಳಾಮುಖರು, ಶಿವನನ್ನು ಪೂಜಿಸುವ ಒಂದು ಪಂಥದವರು! ಪ್ಯಾರಿಸ್‌ನ ನೋತ್ರ್ ದಾಮ್ ಚರ್ಚಿನ ಕೆಲಸ ಶುರುವಾಗಿದ್ದು ಇದರ ಮರುವರ್ಷ, 1163ರಲ್ಲಿ ಅಂತ ಅವನು ಅಂದಾಗ ಪಾಂಪ್ಲೆಟ್ ಮೇಲಿನ ಸಿಟ್ಟು ಇಳೀತು.

ಸ್ಪೇನಿನ ಕಾರ್ಡೋಬಾವನ್ನೂ ಸುಮ್ನೆ ಹೊಗಳಲಿಲ್ಲ. ಅಲ್ಲಿನ ದೊಡ್ಡ ಮಸೀದಿ ಶುರುವಾಗಿದ್ದು 785ರಲ್ಲಿ. ಮುಸ್ಲಿಂ ಪಂಡಿತ ಇಬ್ನ್ ರುಶ್ದ್, ಯಹೂದಿ ಪಂಡಿತ ಮೈಮೋನಿಡೀಸ್ ಇಬ್ಬರೂ ಅದೇ ಊರಲ್ಲಿ ಹುಟ್ಟಿದವರು. ಆದರೆ 1148ರಲ್ಲಿ ಉತ್ತರ ಆಫ್ರಿಕಾದ ಕಟ್ಟಾ ಮುಸ್ಲಿಂ ದೊರೆಗಳಾದ ಅಲ್ಮೊಹದ್‌ಗಳು ಊರು ಹಿಡಿದ ಮೇಲೆ ಮೈಮೋನಿಡೀಸ್ ಮನೆಯವರು ಊರು ಬಿಡಬೇಕಾಯ್ತು. ಇದನ್ನೂ ಹೇಳಿದ.

ಬಳ್ಳಿಗಾವಿಯಲ್ಲೂ ಎಲ್ಲರೂ ಕೈಕೈ ಹಿಡಿದು ಓಡಾಡ್ತಿರಲಿಲ್ಲ. ಹನ್ನೊಂದನೇ ಶತಮಾನದ ಒಂದು ಶಾಸನ ಇಲ್ಲಿನ ಶೈವ ಗುರು ಲಾಕುಳೀಶ್ವರ ಪಂಡಿತನನ್ನು ಹೊಗಳೋದು ಹೇಗೆ ಗೊತ್ತಾ? ಬೌದ್ಧರೆಂಬ ಸಮುದ್ರಕ್ಕೆ ಬಡಬಾಗ್ನಿ (ಕಡಲೊಳಗಿನ ಬೆಂಕಿ), ಲೋಕಾಯತವೆಂಬ (ದೇವರು, ಪರಲೋಕ ಒಪ್ಪದವರ ಮತ) ಹೆಮ್ಮರಕ್ಕೆ ಗರಗಸ ಅಂತ! ಅದೇ ಶತಮಾನದಲ್ಲಿ, 1065ರಲ್ಲಿ, ಚಾಲುಕ್ಯರ ಅಧಿಕಾರಿ ರೂಪಭಟ್ಟಯ್ಯ ಇದೇ ಊರಲ್ಲಿ ಬೌದ್ಧ ವಿಹಾರ ಕಟ್ಟಿಸಿದ. “ಅಲ್ಲ ತಮ್ಮಾ, ಇಷ್ಟು ಬೈದಾಡಿಕೊಂಡೂ ಒಟ್ಟಿಗೆ ಕೂತು ಉಣ್ತಿದ್ರಾ?” ಅಂತ ಅಮ್ಮ ಕೇಳಿದರು. “ಒಟ್ಟಿಗೆ ಕೂತಿದ್ರೋ ಇಲ್ವೋ ಶಾಸನದಲ್ಲಿಲ್ಲ ಅಮ್ಮ. ಅನ್ನ ಹಾಕ್ತಿದ್ರು ಅನ್ನೋದಷ್ಟೇ ಇರೋದು” ಅಂದ. ಈ ಉತ್ತರಕ್ಕೇ ಅರ್ಧ ದುಡ್ಡು ವಸೂಲಾಯ್ತು.

ಇನ್ನು ಪುಸ್ತಕ. ಟೂರಿನವರದೇ, 80 ರೂಪಾಯಿ ಬೇರೆ. ಅದರಲ್ಲಿ ‘ವಿಶ್ವಧರ್ಮಗಳ ಸಾರ’ ಅಂತ ಒಂದು ಕೋಷ್ಟಕ. ಹಿಂದೂ, ಬೌದ್ಧ, ಜೈನ, ಕ್ರೈಸ್ತ, ಇಸ್ಲಾಂ, ಎಲ್ಲದರ ಮುಂದೂ ದಯೆ, ಸತ್ಯ, ಶಾಂತಿ. ಅಷ್ಟೇ! ಜೈನರಿಗೆ ಸೃಷ್ಟಿಕರ್ತ ದೇವರಿಲ್ಲ. ಬುದ್ಧ ನಿತ್ಯವಾದ ಆತ್ಮವನ್ನೇ ಒಪ್ಪಲಿಲ್ಲ. ಇಸ್ಲಾಮಿನಲ್ಲಿ ಒಬ್ಬನೇ ದೇವರು, ಮೂರ್ತಿ ಇಲ್ಲ. ಕ್ರೈಸ್ತರಿಗೆ ಏಸು ಸತ್ತು ಎದ್ದು ಬಂದದ್ದೇ ನಂಬಿಕೆಯ ಬುಡ. ಇದನ್ನೆಲ್ಲ ಒಂದೇ ಮಿಕ್ಸಿಗೆ ಹಾಕಿ ರುಬ್ಬಿದರೆ ಆ ಪಂಡಿತರು ವಾದ ಮಾಡಿದ್ದಾದರೂ ಯಾಕೆ? ಮೈಮೋನಿಡೀಸ್ ಫೋಟೋ ಹಾಕಿದ್ದಾರೆ, ಯಹೂದಿ ಧರ್ಮದ ಸಾಲೇ ಇಲ್ಲ. ನಮ್ಮ ಅಲ್ಲಮಪ್ರಭು ಹುಟ್ಟಿದ ಊರು ಅಂತಾರೆ ಇದನ್ನ, ಅವನಿಗೂ ಬರೀ ಒಂದೂವರೆ ಸಾಲು.

ಗಂಡಭೇರುಂಡ ಕಂಬದ ಹತ್ತಿರ ಹತ್ತೇ ನಿಮಿಷ ಕೊಟ್ಟರು, ಅದು ಸಾಲದು. 1047ರ ಕಂಬ, ತುದಿಯಲ್ಲಿದ್ದದ್ದು ಮನುಷ್ಯನ ಮೈ, ಎರಡು ಹಕ್ಕಿ ತಲೆ. ಕುತ್ತಿಗೆ ನೋಯುವಷ್ಟು ಹೊತ್ತು ನೋಡಬೇಕು. ಶಿರಾಳಕೊಪ್ಪದ ಊಟ ಪರವಾಗಿಲ್ಲ, ರೊಟ್ಟಿ ಬಿಸಿ ಇತ್ತು. ವಯಸ್ಸಾದವರಿದ್ದರೆ ಮುಂದಿನ ಸೀಟು ಮೊದಲೇ ಕೇಳಿಡಿ, ಹಿಂದೆ ಕೂತರೆ ಸೊಂಟ ಹೋಗುತ್ತೆ. ಪುಸ್ತಕ ಬೇಡ ಅನ್ನಿ, ಗೈಡ್ ಹತ್ತಿರ ಆ ಜೆರಾಕ್ಸಿನ ಇನ್ನೊಂದು ಕಾಪಿ ಕೇಳಿ. ನನಗೆ ಕೊಟ್ಟ.