ರ‍್ಯಾಕ್ ಬಾಡಿಗೆಯಲ್ಲಿ ಮೀಟರ್ ಲೆಕ್ಕ: ರಿಯಾಯಿತಿ ನಿಜ, ಗುಣಕದ ಮೇಲೆ ಕಣ್ಣಿಡಿ

ಕುಂಬಳೆ, ಬದಿಯಡ್ಕ ಕಡೆಯ ಸಹಕಾರಿ ಸಂಘಗಳು, ಅಡಿಕೆ ವ್ಯಾಪಾರಿಗಳು ರ‍್ಯಾಕ್ ಎಂಬ ಕಪಾಟುಗಳಲ್ಲಿ ಸರ್ವರ್ ಇಡುವ ಕಾಸರಗೋಡಿನ ಒಂದು ಹಂಚಿಕೆ ಡೇಟಾ ಸೆಂಟರಿನಲ್ಲಿ ಈಗ ಎರಡು ಬಗೆಯ ದರ ಇದೆ. ಹಳೆಯದು 16 ಆಂಪಿಯರ್ ಲೈನಿಗೆ ತಿಂಗಳಿಗಿಷ್ಟು ಎಂಬ ಒಟ್ಟು ಬಾಡಿಗೆ. ಹೊಸದರಲ್ಲಿ ಜಾಗಕ್ಕೆ ಬೇರೆ ಬಾಡಿಗೆ, ಕರೆಂಟಿಗೆ ಉರಿದಷ್ಟೇ ಹಣ. ಹೊಸದನ್ನೇ ತೆಗೆದುಕೊಳ್ಳಿ, ಆದರೆ ಒಂದು ಷರತ್ತು ತಿದ್ದಿಸಿಕೊಂಡು.

ಒಟ್ಟು ಬಾಡಿಗೆಯಲ್ಲಿ ಕೆಲಸವಿಲ್ಲದ ಸರ್ವರನ್ನು ಬಂದ್ ಮಾಡುವ ಮನಸ್ಸು ಯಾರಿಗೂ ಬರುವುದಿಲ್ಲ, ಮಾಡಿದರೂ ಬಿಲ್ಲು ಅಷ್ಟೇ. 200 ವಾಟ್ ಎಳೆಯುತ್ತ ಸುಮ್ಮನೆ ಕುಳಿತ ಹಳೆ ಯಂತ್ರ 30 ದಿನಕ್ಕೆ 144 ಯುನಿಟ್ ತಿನ್ನುತ್ತದೆ. ಮೀಟರ್ ಲೆಕ್ಕದಲ್ಲಿ ಅದನ್ನು ಬಂದ್ ಮಾಡಿದ ತಿಂಗಳೇ ಉಳಿತಾಯ ಕೈಗೆ ಬರುತ್ತದೆ.

ತೊಡಕಿರುವುದು ಗುಣಕದಲ್ಲಿ. ಇಡೀ ಕಟ್ಟಡದ ಕರೆಂಟನ್ನು ಸರ್ವರ್‌ಗಳ ಕರೆಂಟಿನಿಂದ ಭಾಗಿಸಿದರೆ ಬರುವ ಅಂಕಿ ಪಿಯುಇ. ನಿಮ್ಮ ಯುನಿಟ್ಟನ್ನು ಅದರಿಂದ ಗುಣಿಸಿ ಬಿಲ್ಲು ಮಾಡುತ್ತಾರೆ. ಪಿಯುಇ 1.6 ಇದ್ದರೆ ಆ 144ಕ್ಕೆ 230 ಯುನಿಟ್ಟಿನ ಹಣ ಕೊಡಬೇಕು. ಕರಾರಿನಲ್ಲಿರುವುದು ‘ಆಯಾ ತಿಂಗಳ ಪಿಯುಇ’. ಹಾಗಾದರೆ ಎಸಿ ಫಿಲ್ಟರಿನ ಧೂಳಿನ ಖರ್ಚೂ ಬಾಡಿಗೆದಾರರ ತಲೆಗೆ, ಕೇಂದ್ರದವರಿಗೆ ಅದನ್ನು ತೊಳೆಸುವ ಅವಸರವೇ ಇಲ್ಲ. ಗುಣಕಕ್ಕೊಂದು ಸ್ಥಿರ ಅಂಕಿ ಬರೆಸಿ. ಅದಕ್ಕಿಂತ ಕೆಳಗಿಳಿಸಿದರೆ ಉಳಿದದ್ದು ಅವರಿಗೇ ಇರಲಿ. ಆಗಷ್ಟೇ ಅವರೂ ಉಳಿಸಲು ಹೊರಡುತ್ತಾರೆ.

ಸರ್ವರಿನ ಮುಂಭಾಗದ ಗಾಳಿ 27 ಡಿಗ್ರಿವರೆಗೆ ಇರಬಹುದೆಂದು ಒಪ್ಪಿದರೆ ಇನ್ನೊಂದು ಸಣ್ಣ ರಿಯಾಯಿತಿ ಸಿಗುತ್ತದೆ. ತಂಪುಗೊಳಿಸುವ ಎಂಜಿನಿಯರುಗಳ ಅಮೆರಿಕದ ಸಂಘ ಆಶ್ರೇ ಶಿಫಾರಸು ಮಾಡುವ ಮಿತಿ 18ರಿಂದ 27, ಆದ್ದರಿಂದ ಹೆದರಬೇಕಿಲ್ಲ. ಆದರೆ ಮೊದಲು ಖಾಲಿ ಸ್ಲಾಟುಗಳಿಗೆ ಬ್ಲಾಂಕಿಂಗ್ ಪ್ಯಾನೆಲ್ (ಖಾಲಿ ಜಾಗ ಮುಚ್ಚುವ ಹಲಗೆ) ಹಾಕಿ, ಇಲ್ಲದಿದ್ದರೆ ಹಿಂದಿನ ಬಿಸಿಗಾಳಿ ಸುತ್ತಿ ಮುಂದೆ ಬರುತ್ತದೆ. ಸೆನ್ಸರನ್ನು ರ‍್ಯಾಕಿನ ಮೇಲ್ತುದಿಯ ಮುಂಭಾಗಕ್ಕೆ ಕಟ್ಟಿ, ಹೆಚ್ಚು ಬಿಸಿ ಅಲ್ಲೇ. ಬಿಸಿಯಾದಾಗ ಸರ್ವರಿನ ಫ್ಯಾನುಗಳು ಜೋರಾಗುತ್ತವೆ. ವೇಗ ಎರಡು ಪಟ್ಟಾದರೆ ಅವು ಎಳೆಯುವ ವಿದ್ಯುತ್ತು ಸುಮಾರು ಎಂಟು ಪಟ್ಟು. ಅದು ನಿಮ್ಮ ಮೀಟರಿಗೇ ಸೇರುತ್ತದೆ, ಕೇಂದ್ರದ ಪಿಯುಇ ಮಾತ್ರ ಸುಧಾರಿಸಿದಂತೆ ಕಾಣುತ್ತದೆ! ಒಪ್ಪುವ ಮೊದಲಿನ ವಾರದ ಯುನಿಟ್ಟನ್ನೂ ನಂತರದ ವಾರದ್ದನ್ನೂ ಹೋಲಿಸಿ, ಏರಿದ್ದರೆ ಹಿಂದಕ್ಕೆ ಸರಿಯಿರಿ.

ಮಳೆಗಾಲದಲ್ಲಿ ಹೊರಗಿನ ತಂಪುಗಾಳಿ ಒಳಬಿಟ್ಟು ಎಸಿ ಉಳಿಸುತ್ತೇವೆ ಎಂದರೆ ನಂಬಬೇಡಿ. ಆಶ್ರೇ ಶಿಫಾರಸಿನಲ್ಲಿ ಇಬ್ಬನಿ ಬಿಂದುವಿನ (ಗಾಳಿಯ ತೇವ ನೀರಾಗತೊಡಗುವ ತಾಪದ) ಮೇಲ್ಮಿತಿ 15 ಡಿಗ್ರಿ, ನಮ್ಮ ಕರಾವಳಿಯ ಆಟಿ ತಿಂಗಳ ಗಾಳಿಯಲ್ಲಿ ಅದು 20ರ ಮೇಲೆಯೇ ಇರುತ್ತದೆ.

ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿ ಎಚ್‌ಟಿ (ಹೆಚ್ಚು ವೋಲ್ಟೇಜಿನ ಲೈನ್ ಪಡೆಯುವ ದೊಡ್ಡ) ಗ್ರಾಹಕರಿಗೆ ಸಂಜೆ 6ರಿಂದ 10ರವರೆಗೆ ದುಬಾರಿ ದರ ಹಾಕುತ್ತದೆ, ರಾತ್ರಿ 10ರ ನಂತರ ಅಗ್ಗ. ಕೇಂದ್ರದ ಬಿಲ್ಲಿನಲ್ಲಿ ಮಾತ್ರ ದಿನವಿಡೀ ಒಂದೇ ದರ. ಬ್ಯಾಕಪ್ಪನ್ನು 10ರ ನಂತರಕ್ಕೆ ಹಾಕಿದರೂ ನಿಮಗೆ ಬಿಡಿಗಾಸಿಲ್ಲ, ರಾತ್ರಿಯ ಅಗ್ಗದ ದರ ನಮಗೂ ಕೊಡಿ ಎಂದು ಕೇಳಿ ನೋಡಿ. ಆದರೂ ಅದರಿಂದ ದೊಡ್ಡ ಮೊತ್ತ ನಿರೀಕ್ಷಿಸಬೇಡಿ, ಸರ್ವರ್ ಸುಮ್ಮನಿದ್ದಾಗಲೂ ಸಾಕಷ್ಟು ಕರೆಂಟು ಎಳೆಯುತ್ತದೆ.

ಬಿಲ್ಲು ತಾಳೆ ನೋಡುವಾಗ ಎ ಮತ್ತು ಬಿ ಎರಡೂ ಪಿಡಿಯುಗಳ (ಎರಡು ಬೇರೆ ಲೈನುಗಳಿಂದ ಸರ್ವರುಗಳಿಗೆ ಕರೆಂಟು ಹಂಚುವ ಪಟ್ಟಿಗಳ) ಓದನ್ನು ಕೂಡಿಸಬೇಕು. ಒಂದು ಲೈನ್ ಹೋದರೆ ಇನ್ನೊಂದು ಇಡೀ ಭಾರ ಹೊರಬೇಕಾದ್ದರಿಂದ 16 ಆಂಪಿಯರ್ ಲೈನಿನಲ್ಲಿ ಶೇ 80, ಅಂದರೆ 12.8 ಆಂಪಿಯರನ್ನೇ ಮಿತಿ ಮಾಡಿಕೊಂಡು, ಒಂದೊಂದಕ್ಕೆ ಅದರ ಅರ್ಧವಾದ 6.4ಕ್ಕಿಂತ ಹೆಚ್ಚು ಹಾಕಬೇಡಿ.